ಸಿಂಪಿ ಅಳೆಯುವ ಉಂಗುರ

ಹೆಸ್ಟರ್ ಬೊಲಿಥೊಳ ಷೆಡ್ಡಿನ ನೆಲ ನದಿಯ ಕಡೆಗೆ ಇಳಿಜಾರು. ಹಾಗಾಗಿ ಸಿಂಪಿ ವಿಂಗಡಿಸುವ ಮೇಜಿನ ಒಂದು ಕಾಲು ನೆಲ ಮುಟ್ಟುತ್ತಿರಲಿಲ್ಲ. ಅವಳ ಅಪ್ಪನ ಕಾಲದಲ್ಲಿ ಅದರಡಿಗೆ ಒಂದು ಮರದ ತುಂಡಿತ್ತು. ಅದು ಕೊಳೆತ ಮೇಲೆ ಹೆಸ್ಟರ್ ಅಲ್ಲಿಗೆ ಸರ್ಕಾರವನ್ನು ತಂದು ಇಟ್ಟಳು. ಸರ್ಕಾರದ ಕೆಲಸವನ್ನು ಅಳೆದು ನೋಡುವ ಲಂಡನ್ನಿನ ಮೌಲ್ಯಮಾಪನ ಕಚೇರಿಯವರು ವರ್ಷಕ್ಕೊಂದರಂತೆ ಹೊರತರುವ ‘ನೀರು ಮತ್ತು ಸಮುದ್ರ: ಸರ್ಕಾರದ ಪ್ರಗತಿ’ ಎಂಬ ದಪ್ಪ ಪುಸ್ತಕಗಳು, ಎಂಟು ವರ್ಷದ್ದು ಎಂಟು, ಒಂದರ ಮೇಲೊಂದು. ಅಷ್ಟಾದರೂ ಮೇಜು ಅಲುಗಾಡುವುದು ನಿಂತಿರಲಿಲ್ಲ. “ಒಂದು ಮೇಜನ್ನ ನೆಟ್ಟಗೆ ನಿಲ್ಲಿಸೋ ಯೋಗ್ಯತೆ ಇಲ್ಲ ಇವಕ್ಕೆ, ಇನ್ನು ದೇಶದ ನೀರು ಸರಿಮಾಡ್ತವಂತೆ,” ಎಂದು ಅವಳು ಬಂದವರಿಗೆಲ್ಲ ತೋರಿಸುತ್ತಿದ್ದಳು.

ಹಾಗಂತ ಓದದೆ ಇಟ್ಟವಳಲ್ಲ. ಅರವತ್ತಮೂರರ ಹೆಸ್ಟರ್ ಪ್ರತಿ ಪುಸ್ತಕವನ್ನೂ ಪೆನ್ಸಿಲ್ ಹಿಡಿದು, ಅಂಚಿನಲ್ಲಿ ಬೈಗುಳ ಬರೆಯುತ್ತ, ಮೊದಲಿನಿಂದ ಕೊನೆಯವರೆಗೆ ಓದಿದವಳು. ‘ಗುರಿಯತ್ತ ಭಾಗಶಃ ಸಾಗಿದೆ’ ಎಂದಿದ್ದ ಕಡೆ ‘ಎತ್ತ?’ ಎಂದು ಬರೆಯುತ್ತಿದ್ದಳು. ‘ಯೋಜನೆ ರೂಪಿಸುವ ಬಗೆಗಿನ ಯೋಜನೆ ಸಿದ್ಧವಾಗಿದೆ’ ಎಂದಿದ್ದ ಕಡೆ ‘ಭೇಷ್, ಈಗ ಮಲಗಿ’ ಎಂದು. ಪೊಲ್‌ವೀನ್ ಊರಿನಲ್ಲಿ ಅದನ್ನು ಓದುವವಳು ಅವಳೊಬ್ಬಳೇ. ಲಂಡನ್ನಿನಲ್ಲಾದರೂ ಎರಡನೆಯವರಿದ್ದರೋ ಇಲ್ಲವೋ, ದೇವರೇ ಬಲ್ಲ.

ಪೊಲ್‌ವೀನ್ ನದಿ ಕಡಲಿಗೆ ಸೇರುವ ಕಡೆ ತಳದಲ್ಲಿ ಸಿಂಪಿಯ ಹಾಸು ಇದೆ. ಬೊಲಿಥೊ ಮನೆತನ ಐದು ತಲೆಯಿಂದ ಅಲ್ಲಿ ಜನ ತಿನ್ನುವ ಸಿಂಪಿ ತೆಗೆದು ಮಾರಿ ಬದುಕಿದೆ. ಆ ನದಿಗೆ ಎರಡು ಕಟ್ಟಳೆಗಳಿವೆ. ಒಂದು, ಎಂಜಿನ್ ಹಚ್ಚಿ ಸಿಂಪಿ ತೆಗೆಯುವಂತಿಲ್ಲ. ಹಾಯಿ ಇಲ್ಲವೆ ಹುಟ್ಟು, ಎರಡೇ. ಇನ್ನೊಂದು ಹಿತ್ತಾಳೆಯ ಉಂಗುರದ್ದು. ಬಲೆಗೆ ಬಿದ್ದ ಪ್ರತಿ ಸಿಂಪಿಯನ್ನೂ ಉಂಗುರದಲ್ಲಿ ತೂರಿಸಿ ನೋಡಬೇಕು. ತೂರಿ ಆಚೆ ಹೋದರೆ ಅದು ಮರಿ, ಅಲ್ಲೇ ನೀರಿಗೆ ಬಿಡಬೇಕು. ಸಿಕ್ಕಿಕೊಂಡರೆ ಮಾತ್ರ ನಿನ್ನದು. ಹೆಸ್ಟರಳ ಉಂಗುರ ಅವಳ ಮುತ್ತಜ್ಜನದು. ಹಿಡಿದು ಹಿಡಿದು ಹೊರಗಿನ ಅಂಚು ಸವೆದಿದೆ, ಒಳಗಿನ ಅಳತೆ ಹಾಗೇ ಇದೆ.

ಹಾಸಿನಿಂದ ಅರ್ಧ ಮೈಲಿ ಮೇಲೆ ನೀರಿನ ಕಂಪನಿಯ ಕೊಳವೆ ಇದೆ. ನಾಲ್ಕು ಹನಿ ಜೋರಾಗಿ ಬಿದ್ದರೆ ಸಾಕು, ಮೇಲಿನ ಪಟ್ಟಣದ ಕಕ್ಕಸೆಲ್ಲ ಆ ಕೊಳವೆಯಿಂದ ನದಿಗೆ ಬರುತ್ತದೆ. ಹೀಗಾಗಿ ಎರಡು ಚಳಿಗಾಲದಿಂದ ಅಲ್ಲಿನ ಸಿಂಪಿ ಮಾರುವಂತಿಲ್ಲ ಎಂದು ಆಜ್ಞೆಯಾಗಿತ್ತು. ಇಪ್ಪತ್ತೇಳು ದೋಣಿಯಿದ್ದ ಊರಿನಲ್ಲಿ ನಾಲ್ಕು ಉಳಿದಿದ್ದವು. ಹೆಸ್ಟರ್ ಪ್ರವಾಸಿಗರ ಬಾಡಿಗೆ ಮನೆಗಳಲ್ಲಿ ಹಾಸಿಗೆ ಬದಲಿಸುವ ಕೆಲಸಕ್ಕೆ ಹೋಗುತ್ತಿದ್ದಳು. ತಮ್ಮ ಜಾಗೊ ದೋಣಿ ರಿಪೇರಿ ಅಂಗಳದಲ್ಲಿ ಬಣ್ಣ ಬಳಿಯುತ್ತಿದ್ದ. ಇಬ್ಬರೂ ಕಾಯುತ್ತಿದ್ದುದು ಒಂದಕ್ಕೇ: ಕೊಳವೆ ರಿಪೇರಿಯಾಗಬೇಕು, ಹಾಸು ಮತ್ತೆ ತೆರೆಯಬೇಕು.

ಅದಕ್ಕೊಂದು ದಾರಿಯೂ ಇತ್ತು. ಸರ್ಕಾರದ ಪಟ್ಟಿಯಲ್ಲಿರುವ ಹಾಸಿನ ನೀರು ಕೆಟ್ಟಿದೆ ಎಂದು ಸಾಬೀತಾದರೆ ಕಂಪನಿ ಐದು ವರ್ಷದೊಳಗೆ ಕೊಳವೆ ಸರಿಮಾಡಲೇಬೇಕು. ಆದರೆ ಪಟ್ಟಿಯಲ್ಲಿ ಉಳಿಯಲು ವರ್ಷಕ್ಕೆ ಹತ್ತು ಸಲ ಸಿಂಪಿಯ ಸ್ಯಾಂಪಲ್ ಲ್ಯಾಬಿಗೆ ಹೋಗಬೇಕು. ಒಂಬತ್ತೇ ಹೋದರೆ ‘ಮಾಹಿತಿ ಸಾಲದು’ ಎಂದು ಹಾಸನ್ನು ಪಟ್ಟಿಯಿಂದ ಕಿತ್ತುಹಾಕುತ್ತಾರೆ. ಕಿತ್ತಮೇಲೆ ಅಲ್ಲಿ ಕಕ್ಕಸು ಹರಿದರೂ ಲೆಕ್ಕಕ್ಕಿಲ್ಲ. ಹಿಂದಿನ ವರ್ಷ ಪಕ್ಕದ ಟ್ರೆಲಿಸ್ ಹೊಳೆಯ ಹಾಸು ಹೀಗೇ ಹೋಯಿತು. ಕೊರಿಯರಿನವನು ಸ್ಯಾಂಪಲ್ ಡಬ್ಬವನ್ನು ಶನಿವಾರ ಭಾನುವಾರ ಗೋದಾಮಿನಲ್ಲಿ ಮರೆತಿದ್ದ. ಹೊಲಸು ಹಾಸು ಒಂದು ಕಡಿಮೆಯಾದ್ದರಿಂದ ದೇಶದ ಶುದ್ಧ ಹಾಸುಗಳ ಪ್ರಮಾಣ ಏರಿತು. ಎಂಟನೇ ಪುಸ್ತಕ ಅದನ್ನು ಪ್ರಗತಿ ಎಂದು ಕರೆದಿತ್ತು. ಹೆಸ್ಟರ್ ಆ ಪುಟದ ಅಂಚಿನಲ್ಲಿ ಬರೆದದ್ದನ್ನು ಇಲ್ಲಿ ಹೇಳುವ ಹಾಗಿಲ್ಲ.

ಮಾರ್ಚ್ ಕೊನೆಯ ವಾರ. ಪೊಲ್‌ವೀನ್ ಹಾಸಿನ ಲೆಕ್ಕ ಒಂಬತ್ತಕ್ಕೆ ನಿಂತಿತ್ತು. ಆ ಶನಿವಾರಕ್ಕೆ ಸರ್ಕಾರದ ಲೆಕ್ಕದ ವರ್ಷ ಮುಗಿಯುತ್ತಿತ್ತು.

ಸ್ಯಾಂಪಲ್ ತೆಗೆಯುವವನು ಕೌನ್ಸಿಲ್ಲಿನ ಕ್ಲೆಮೆಂಟ್ ಆಂಗೋವ್, ಅದೇ ಊರಿನವನು, ಕೆಟ್ಟವನಲ್ಲ, ಬರೀ ಪೆದ್ದ. ನವೆಂಬರಿನ ಸ್ಯಾಂಪಲ್ ತಪ್ಪಿದ್ದು, ಅವನನ್ನು ‘ಸಕಾಲದಲ್ಲಿ ಸ್ಯಾಂಪಲ್ ಸಂಗ್ರಹ’ ಎಂಬ ತರಬೇತಿಗೆ ಕಳಿಸಿದ್ದಕ್ಕೆ. ಜನವರಿಯದು ತಪ್ಪಿದ್ದು ಅವನ ಪ್ರಾಮಾಣಿಕತೆಗೆ. ಅವಸರದಲ್ಲಿ ಕೌನ್ಸಿಲ್ಲಿನ ಮೋಟಾರು ದೋಣಿಯಲ್ಲಿ ಹೋಗಿ ಸಿಂಪಿ ತೆಗೆದಿದ್ದ. ಫಾರಮ್ಮಿನ ಹದಿನಾಲ್ಕನೇ ಪ್ರಶ್ನೆ, ‘ಈ ಹಾಸಿನ ವಾಡಿಕೆಯ ವಿಧಾನದಲ್ಲೇ ತೆಗೆಯಲಾಗಿದೆಯೇ?’ ಅವನು ಯೋಚಿಸಿ, ‘ಇಲ್ಲ’ ಎಂದು ಗುರುತು ಹಾಕಿದ. ಲ್ಯಾಬಿನವರು ಡಬ್ಬ ತೆರೆಯದೆ ಎಸೆದರು. ಮಾರ್ಚ್ ಮೊದಲ ವಾರ ಗಾಳಿಮಳೆಗೆ ಯಾರೂ ನದಿಗಿಳಿಯಲಾಗಲಿಲ್ಲ. ಉಳಿದದ್ದು ಈ ಗುರುವಾರ ಒಂದೇ.

ಮಂಗಳವಾರ ಕ್ಲೆಮೆಂಟ್ ಷೆಡ್ಡಿಗೆ ಬಂದು ಬಾಗಿಲಲ್ಲೇ ನಿಂತ. “ಹೆಸ್ಟರಕ್ಕಾ, ಗುರುವಾರ ನಮ್ಜೊತೆ ಇನ್ನೊಬ್ರು ಬರ್ತಾರೆ. ಲಂಡನ್ನಿಂದ. ಮೌಲ್ಯಮಾಪನ ಕಚೇರಿಯವ್ರು.”

“ಯಾರು, ಪುಸ್ತಕ ಬರಿಯೋರಾ?”

“ಹ್ಞೂಂ. ಸ್ಯಾಂಪಲ್ ಹೆಂಗೆ ತೆಗೀತೀವಿ ಅಂತ ಕಣ್ಣಾರೆ ನೋಡ್ಬೇಕಂತೆ.”

“ಎಂಟು ಪುಸ್ತಕ ಬರ್ದ್ಮೇಲೆ ನೋಡ್ಬೇಕು ಅನ್ನಿಸ್ತಾ? ಪರವಾಗಿಲ್ಲ, ಕರ್ಕೊಂಬಾ. ಒಂದು ಮಾತು ಹೇಳ್ತೀನಿ ಕೇಳು. ನಿನ್ನ ಮೋಟಾರು ದೋಣಿ ಈ ದಂಡೆ ಹತ್ರ ಕಾಣಿಸ್ಕೊಂಡ್ರೆ ತೂತು ಹೊಡೆದು ಮುಳುಗಿಸ್ತೀನಿ.”

“ಹಾಯಿ ಹಾಕಿದ್ರಾಯ್ತಲ್ಲ ಅಕ್ಕ.”

“ಆಯ್ತಪ್ಪಾ. ಗಾಳಿ ನಿಮ್ಮಿಲಾಖೆಗೆ ಸೇರಿಲ್ಲ, ಅದ್ಕೇ ಇನ್ನೂ ಸರಿಯಾಗಿ ಕೆಲ್ಸ ಮಾಡುತ್ತೆ,” ಎಂದಳು ಹೆಸ್ಟರ್.

ಗುರುವಾರ ಆ ಗಾಳಿಯೂ ಕೈಕೊಟ್ಟಿತು. ವಾರವಿಡೀ ಸುರಿದ ಮಳೆ ನಿಂತು, ನದಿಯ ಮೇಲೆ ಒಂದು ಸುಕ್ಕಿಲ್ಲ. ಹಾಯಿ ಎತ್ತಿದರೆ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಜಾಗೊಗೆ ಏಣಿಯಿಂದ ಬಿದ್ದು ಭುಜ ಊದಿತ್ತು. ಹುಟ್ಟು ಹಿಡಿಯುವ ಸ್ಥಿತಿಯಲ್ಲಿರಲಿಲ್ಲ.

“ನಾಳೆ ಬೆಳಿಗ್ಗೆ ನೋಡೋಣ್ವಾ?” ಎಂದ ಕ್ಲೆಮೆಂಟ್.

“ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಲ್ಯಾಬ್ ಬಾಗಿಲು ಹಾಕ್ತಾರೆ. ನಾಡಿದ್ದಿಗೆ ವರ್ಷ ಮುಗೀತು. ನಿನಗೆ ತರಬೇತೀಲಿ ಏನಪ್ಪಾ ಹೇಳ್ಕೊಟ್ರು?” ಹೆಸ್ಟರ್ ಕೋಟು ಬಿಚ್ಚಿ ತಮ್ಮನ ಕೈಗೆ ಕೊಟ್ಟಳು. “ಹುಟ್ಟು ತಗೊಂಬಾ.”

“ಅಕ್ಕ, ನಿನ್ನ ಸೊಂಟ—” ಎಂದ ಜಾಗೊ.

“ಸೊಂಟ ನನ್ದು ಕಣೋ. ಹುಟ್ಟು ತಾ.”

ಲಂಡನ್ನಿನವನ ಹೆಸರು ಡಂಕನ್ ವೇಕ್ಲಿ. ನಲವತ್ತೈದರ ಆಸುಪಾಸು, ಹೊಸ ಬೂಟು, ಅದರ ಮೇಲೆ ಬೆಲೆಚೀಟಿಯ ಅಂಟು ಇನ್ನೂ ಇತ್ತು. ಒಳ್ಳೆಯ ಮಾತಿನ ಮನುಷ್ಯ. ಎಲ್ಲದಕ್ಕೂ ‘ತುಂಬಾ ಉಪಯುಕ್ತ’ ಎನ್ನುತ್ತಿದ್ದ. ಷೆಡ್ಡಿಗೆ ಬಂದವನು ಮೇಜಿನ ಕಾಲಿನಡಿ ತನ್ನ ಕಚೇರಿಯ ಪುಸ್ತಕಗಳ ಬೆನ್ನು ನೋಡಿ, “ಓ, ನೀವು ನಮ್ಮ ಓದುಗರು,” ಎಂದು ನಿಜವಾಗಿ ಸಂತೋಷಪಟ್ಟ. ಹೆಸ್ಟರ್ ಅವನನ್ನು ಒಂದು ಕ್ಷಣ ನೋಡಿದಳು. ಇಂಥವನನ್ನು ಬೈಯುವುದು ಎಲ್ಲಿಂದ ಶುರುಮಾಡುವುದೆಂದು ಅವಳಿಗೆ ತೋಚಲಿಲ್ಲ.

ದೋಣಿಯಲ್ಲಿ ಮೂವರು. ಹೆಸ್ಟರ್ ಹುಟ್ಟು ಹಾಕುತ್ತಿದ್ದಳು, ಕ್ಲೆಮೆಂಟ್ ಮಂಜುಗಡ್ಡೆ ಚೀಲಗಳಿದ್ದ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡಿದ್ದ, ಡಂಕನ್ ಹಿಂಬದಿಯಲ್ಲಿ ಪ್ರಶ್ನಾವಳಿ ಬಿಚ್ಚಿದ.

“ಮಿಸ್ ಬೊಲಿಥೊ, ಕೆಲಸದ ಮಧ್ಯೆ ಒಂದೆರಡು ಪ್ರಶ್ನೆ ಕೇಳಬಹುದಾ? ನೀರಿನ ಗುಣಮಟ್ಟದ ಬಗ್ಗೆ ಸರ್ಕಾರಕ್ಕಿರೋ ಬದ್ಧತೆಗೆ ನೀವು ಒಂದರಿಂದ ಐದರೊಳಗೆ ಎಷ್ಟು ಅಂಕ ಕೊಡ್ತೀರಿ?”

“ಸೊನ್ನೆ ಇದ್ಯಾ?”

“ಇಲ್ಲ, ಒಂದರಿಂದ ಶುರು.”

“ನೋಡಿ, ಕೂತಲ್ಲೇ ಒಂದು ಪುಕ್ಕಟೆ ಕೊಟ್ಬಿಟ್ರಿ.”

ಡಂಕನ್ ನಕ್ಕು, ಒಂದು ಎಂದು ಬರೆದುಕೊಂಡ. “ಕಳೆದ ಐದು ವರ್ಷದಲ್ಲಿ ಪರಿಸ್ಥಿತಿ ಸುಧಾರಿಸಿದೆ, ಸ್ವಲ್ಪ ಸುಧಾರಿಸಿದೆ, ಸುಧಾರಣೆಯ ಹಾದಿಯಲ್ಲಿದೆ. ಇದರಲ್ಲಿ ಯಾವುದು?”

“ಹಾಳಾಗಿದೆ ಅನ್ನೋದಕ್ಕೆ ಮನೆ ಇಲ್ವಾ ಅದ್ರಲ್ಲಿ?”

“‘ಇತರೆ’ ಅಂತ ಒಂದಿದೆ.”

“ಹಾಗಾದ್ರೆ ನಮ್ಮೂರನ್ನೆಲ್ಲ ಆ ಮನೆಗೆ ತುಂಬ್ಸಿ. ನಾವು ಇತರೆಯೋರೇ.”

ಹಾಸಿನ ಮೇಲೆ ಬಂದ ಮೇಲೆ ನಿಜವಾದ ಕೆಲಸ. ಗಾಳಿಯಿಲ್ಲದ ದಿನ ಸಿಂಪಿ ತೆಗೆಯುವ ಕ್ರಮವೇ ಬೇರೆ. ಲಂಗರು ಎಸೆದು, ಹಗ್ಗ ಬಿಡುತ್ತ ದೋಣಿಯನ್ನು ಹಿಂದಕ್ಕೆ ಹುಟ್ಟುಹಾಕಬೇಕು. ಆಮೇಲೆ ಕಬ್ಬಿಣದ ಬಾಯಿಯ ಬಲೆಯನ್ನು ತಳಕ್ಕಿಳಿಸಿ, ರಾಟೆ ತಿರುಗಿಸುತ್ತ ದೋಣಿಯನ್ನೇ ಲಂಗರಿನ ಕಡೆಗೆ ಎಳೆದುಕೊಳ್ಳಬೇಕು. ಬಲೆ ತಳವನ್ನು ಕೆರೆದುಕೊಂಡು ಬರುತ್ತದೆ. ಎರಡು ವರ್ಷದಿಂದ ಈ ಕೆಲಸ ಬಿಟ್ಟಿದ್ದ ಮೈಗೆ ಮೊದಲ ಸುತ್ತಿನಲ್ಲೇ ಗೊತ್ತಾಯಿತು. ಕ್ಲೆಮೆಂಟ್ ಕೈಜೋಡಿಸಲು ಎದ್ದರೆ ಹೆಸ್ಟರ್, “ಡಬ್ಬ ನೋಡ್ಕೊ,” ಎಂದು ಗದರಿದಳು.

ಲ್ಯಾಬಿಗೆ ಬೇಕಾದದ್ದು ಹನ್ನೆರಡು ಸಿಂಪಿ. ಮೊದಲ ಸಲ ಬಲೆಯಲ್ಲಿ ಬಂದದ್ದು ಕೆಸರು, ಒಡೆದ ಚಿಪ್ಪು, ಯಾರದೋ ಕಕ್ಕಸಿನಿಂದ ಹೊರಟ ಒದ್ದೆ ಬಟ್ಟೆಯ ಚೂರುಗಳು, ಒಂಬತ್ತು ಸಿಂಪಿ. ಹೆಸ್ಟರ್ ಜೇಬಿನಿಂದ ಉಂಗುರ ತೆಗೆದಳು. ಒಂಬತ್ತರಲ್ಲಿ ಆರು ತೂರಿ ಆಚೆ ಹೋದವು. ಆರನ್ನೂ ನದಿಗೆ ಹಾಕಿದಳು. ಎರಡನೇ ಸಲಕ್ಕೆ ನಾಲ್ಕು ನಿಂತವು. ಮೂರನೇ ಸಲಕ್ಕೆ ಎರಡು. ಕಡಲ ಇಳಿತ ಶುರುವಾಗಿತ್ತು; ಇನ್ನರ್ಧ ಗಂಟೆ ಹೋದರೆ ದೋಣಿ ಕೆಸರಿನಲ್ಲಿ ಕೂರುತ್ತಿತ್ತು. ಅವಳ ಅಂಗೈ ಒಡೆದು ರಾಟೆಯ ಹಿಡಿ ಜಾರುತ್ತಿತ್ತು.

ಅವಳು ಇನ್ನೊಂದು ಮರಿಯನ್ನು ನೀರಿಗೆ ಹಾಕಿದಾಗ ಡಂಕನ್‌ಗೆ ತಡೆಯಲಾಗಲಿಲ್ಲ. “ಅಲ್ಲ, ಮಿಸ್ ಬೊಲಿಥೊ, ಪರೀಕ್ಷೆಗೆ ಚಿಕ್ಕದಾದ್ರೂ ನಡೆಯುತ್ತಲ್ವಾ? ಹನ್ನೆರಡು ಯಾವಾಗ್ಲೋ ಆಗ್ತಿತ್ತು.”

“ಹೌದಾ ಕ್ಲೆಮೆಂಟ್?”

ಕ್ಲೆಮೆಂಟ್ ಫಾರಮ್ಮು ತಿರುವಿದ. “ಗಾತ್ರದ ಬಗ್ಗೆ ಏನೂ ಹೇಳಿಲ್ಲ ಅಕ್ಕ. ನಡೆಯುತ್ತೆ.”

“ಫಾರಮ್ಮಿಗೆ ನಡೆಯುತ್ತೆ. ನದಿಗೆ ನಡಿಯಲ್ಲ.”

“ಇಲ್ಲಿ ಯಾರೂ ನೋಡ್ತಿಲ್ಲ,” ಎಂದ ಡಂಕನ್, ಸಹಾಯ ಮಾಡುವ ದನಿಯಲ್ಲಿ.

ಹೆಸ್ಟರ್ ಉಂಗುರವನ್ನು ಅವನ ಮುಖದೆದುರು ಹಿಡಿದಳು. “ನಾನಿಲ್ವಾ ಇಲ್ಲಿ? ಕೇಳಿ ಸ್ವಾಮಿ. ನೂರಾಮೂವತ್ತು ವರ್ಷದಿಂದ ಈ ನದೀಲಿ ಇದೇ ಅಳತೆ. ನಮ್ಮಜ್ಜನ ಕಾಲ್ದಲ್ಲಿ ಮೂರು ಚಳಿಗಾಲ ಸಿಂಪಿ ಬೆಳೀಲೇ ಇಲ್ಲ. ಮನೇಲಿ ಆಲೂಗಡ್ಡೆ ಬೇಯ್ಸಿ ತಿಂದ್ರು. ಆಗ್ಲೂ ಯಾರೂ ಉಂಗುರಾನ ಚಿಕ್ಕದು ಮಾಡ್ಲಿಲ್ಲ. ಚಿಕ್ಕದು ಮಾಡಿದ್ರೆ ಅವತ್ತೇ ಬುಟ್ಟಿ ತುಂಬ್ತಿತ್ತು. ನಿಮ್ಮೋರ್ ಥರ ಬುದ್ಧಿವಂತರಿರ್ಲಿಲ್ಲ, ಪಾಪ.”

“ತುಂಬಾ ಉಪಯುಕ್ತ,” ಎಂದ ಡಂಕನ್. ಕೆಸರಿನ ನಾತಕ್ಕೆ ಅವನ ಮುಖ ಸ್ವಲ್ಪ ಬಿಳಿಚಿತ್ತು, ಆದರೆ ಮಾತನ್ನು ಮನಸ್ಸಿಟ್ಟೇ ಕೇಳಿದ್ದ. “ಅದನ್ನ ಹಾಗೇ ಹಿಡ್ಕೊಂಡಿರಿ, ಒಂದು ಫೋಟೋ.”

ಹೆಸ್ಟರ್ ಬೈಯಲು ಬಾಯಿ ತೆರೆದಳು, ಅಷ್ಟರಲ್ಲಿ ಫೋಟೋ ಆಗಿಹೋಯಿತು.

ನಾಲ್ಕನೇ ಸಲಕ್ಕೆ ಎರಡು, ಐದನೇ ಸಲಕ್ಕೆ ಒಂದು. ಹನ್ನೆರಡು ತುಂಬಿತು. ದಂಡೆಗೆ ಬರುವ ಹೊತ್ತಿಗೆ ದೋಣಿಯ ತಳ ಎರಡು ಕಡೆ ಕೆಸರಿಗೆ ತಾಗಿತ್ತು. ಜಾಗೊ ಒಂದೇ ಕೈಯಲ್ಲಿ ಹಗ್ಗ ಹಿಡಿದು ಎಳೆದುಕೊಂಡ. ಅಕ್ಕನ ಅಂಗೈ ನೋಡಿ ಒಳಗೆ ಹೋಗಿ ಬಟ್ಟೆ ತಂದು ಸುತ್ತಿದ.

ಕ್ಲೆಮೆಂಟ್ ಫಾರಮ್ಮು ತುಂಬುವಾಗ ಹೆಸ್ಟರ್ ಅವನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು. ಹದಿನಾಲ್ಕನೇ ಪ್ರಶ್ನೆ ಬಂತು. ವಾಡಿಕೆಯ ವಿಧಾನದಲ್ಲೇ ತೆಗೆಯಲಾಗಿದೆಯೇ?

“ಏನು ಯೋಚಿಸ್ತಿದ್ದೀಯ? ಬರಿ, ಹೌದು ಅಂತ. ದೊಡ್ಡಕ್ಷರದಲ್ಲಿ ಬರಿ.”

“ಗುರುತು ಹಾಕೋಕೆ ಮಾತ್ರ ಜಾಗ ಇದೆ ಅಕ್ಕ.”

“ಹಾಗಿದ್ರೆ ಒತ್ತಿ ಹಾಕು.”

ಕೊರಿಯರ್ ಗಾಡಿ ಬರುವವರೆಗೆ ಕಾಯುವುದೆಂದರೆ ಅವಳು ಒಪ್ಪಲಿಲ್ಲ. ಕೌನ್ಸಿಲ್ಲಿನ ವ್ಯಾನಿನಲ್ಲಿ ಕ್ಲೆಮೆಂಟನನ್ನು ಕೂರಿಸಿ, ಪಕ್ಕದಲ್ಲಿ ತಾನು ಕೂತು, ಡಬ್ಬವನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡು ಗಂಟೆ ದಾರಿಯ ಲ್ಯಾಬಿಗೆ ಹೊರಟಳು. ಎಂಟು ಡಿಗ್ರಿ ದಾಟಿದರೆ ಸ್ಯಾಂಪಲ್ ತಿಪ್ಪೆಗೆ. ಹತ್ತು ನಿಮಿಷಕ್ಕೊಮ್ಮೆ ಥರ್ಮಾಮೀಟರ್ ನೋಡಿದಳು. ಕ್ಲೆಮೆಂಟ್ ಹಸಿವೆಯೆಂದು ಪ್ಯಾಸ್ಟಿ ಎಂಬ ಮಾಂಸದ ಕಡುಬಿನ ಅಂಗಡಿ ಮುಂದೆ ನಿಧಾನ ಮಾಡಿದ. “ನಿಲ್ಸಿದ್ಯೋ, ನೀನು ನಡ್ಕೊಂಡ್ ವಾಪಸ್ ಹೋಗ್ತೀಯ,” ಎಂದಳು. ಅವನು ನಿಲ್ಲಿಸಲಿಲ್ಲ. ಲ್ಯಾಬಿನ ಕಿಟಕಿಯಲ್ಲಿ ಡಬ್ಬ ಕೊಟ್ಟು ರಸೀದಿ ಪಡೆಯುವಾಗ ಐದೂವರೆ ಡಿಗ್ರಿ ಇತ್ತು.

ಸೋಮವಾರ ಫಲಿತಾಂಶ ಬಂತು. ಕ್ಲೆಮೆಂಟ್ ಬಾಡಿಗೆ ಮನೆಯವರೆಗೆ ಓಡಿಬಂದು ಹೇಳಿದ. ಇರಬೇಕಾದ್ದಕ್ಕಿಂತ ಹದಿನಾರು ಪಟ್ಟು ಹೊಲಸು. ಹೆಸ್ಟರ್ ಕೈಯಲ್ಲಿದ್ದ ಹಾಸಿಗೆ ಹೊದಿಕೆ ನೆಲಕ್ಕೆ ಹಾಕಿ ಅವನನ್ನು ಅಪ್ಪಿಕೊಂಡಳು. “ಹದಿನಾರಾ? ಇನ್ನೊಂದ್ಸಲ ಹೇಳು.” ತನ್ನ ನದಿಯಲ್ಲಿ ಊರವರ ಹೇಲು ಹದಿನಾರು ಪಟ್ಟು ಇದೆಯೆಂದು ಕೇಳಿ ಕುಣಿಯುವ ಸ್ಥಿತಿಗೆ ಮನುಷ್ಯರನ್ನು ತಂದಿಟ್ಟಿದ್ದಾರಲ್ಲ, ಅವರ ಮನೆ ಹಾಳಾಗ. ಆದರೂ ಅವಳು ಕುಣಿದಳು. ಹತ್ತು ಸ್ಯಾಂಪಲ್, ಹಾಸು ಪಟ್ಟಿಯಲ್ಲಿ, ಕೊಳವೆ ಸರಿಮಾಡದೆ ಗತಿಯಿಲ್ಲ. ಐದು ವರ್ಷಕ್ಕೆ ತನಗೆ ಅರವತ್ತೆಂಟು. ಅಷ್ಟು ವಯಸ್ಸಿಗೆ ಅಪ್ಪ ಇನ್ನೂ ಹಾಯಿ ಎತ್ತುತ್ತಿದ್ದ. ಆ ವಾರ ಜಾಗೊ ಬಲೆಯ ತುಕ್ಕು ಕೆರೆದು ಎಣ್ಣೆ ಹಚ್ಚಿದ.

ಜುಲೈನಲ್ಲಿ ಒಂಬತ್ತನೇ ಪುಸ್ತಕ ಅಂಚೆಯಲ್ಲಿ ಬಂತು. ಮುಖಪುಟದ ಮೇಲೆ ಹೆಸ್ಟರ್ ಇದ್ದಳು. ಬೈಯಲು ತೆರೆದ ಬಾಯಿ ಫೋಟೋದಲ್ಲಿ ನಗುವಿನ ಹಾಗೆ ಬಿದ್ದಿತ್ತು. ಕೈಯಲ್ಲಿ ಉಂಗುರ, ಹಿಂದೆ ತಿಳಿನೀಲಿ ನದಿ. ಕೆಳಗೆ ‘ನಮ್ಮ ನೀರು ಚೇತರಿಸಿಕೊಳ್ಳುತ್ತಿದೆ’ ಎಂದಿತ್ತು.

ಅವಳು ಪೆನ್ಸಿಲ್ ತೆಗೆದುಕೊಂಡು ಕೂತಳು. ಶುದ್ಧ ಹಾಸುಗಳ ಪ್ರಮಾಣ ನೂರಕ್ಕೆ ಎಪ್ಪತ್ತನಾಲ್ಕರಿಂದ ಎಪ್ಪತ್ತೊಂಬತ್ತಕ್ಕೆ ಏರಿತ್ತು. ಪೊಲ್‌ವೀನ್ ಹುಡುಕಿದಳು. ಪಟ್ಟಿಯಲ್ಲಿರಲಿಲ್ಲ. ಮತ್ತೊಮ್ಮೆ ಹುಡುಕಿದಳು. ನೂರಾ ಹನ್ನೆರಡನೇ ಪುಟದ ಅಡಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಸಿಕ್ಕಿತು. ಅದನ್ನು ಜಾಗೊಗೆ ಓದಿ ಹೇಳಿದಳು.

“‘ಸತತ ಎರಡು ವರ್ಷ ಸಿಂಪಿ ಮಾರಾಟವಾಗದ ಹಾಸುಗಳನ್ನು ಈ ವರ್ಷದಿಂದ ಐತಿಹಾಸಿಕ ಹಾಸುಗಳೆಂದು ಪ್ರತ್ಯೇಕಿಸಿ, ಪಟ್ಟಿಯಿಂದ ಕೈಬಿಡಲಾಗಿದೆ. ಮಾಪನ ಪದ್ಧತಿಯ ಈ ಸುಧಾರಣೆ ಸ್ವಾಗತಾರ್ಹ.’”

ಜಾಗೊ ಪುಸ್ತಕದ ಕಡೆ ಬಗ್ಗಿದ. “ಮಾರಾಟ ಯಾಕಾಗ್ಲಿಲ್ಲ?”

“ಹೊಲಸು ಅಂತ ಅವ್ರೇ ಮಾರಬೇಡಿ ಅಂದ್ರು.”

“ಹಾಗಾದ್ರೆ ಹೊಲಸಾಗಿದ್ದಕ್ಕೇ ಹೊಲಸಿನ ಲೆಕ್ಕದಿಂದ ತೆಗೆದ್ರು.”

“ಹ್ಞೂಂ.”

“ಕೊಳವೆ?”

ಹೆಸ್ಟರ್ ಪುಸ್ತಕ ಮುಚ್ಚಿದಳು. ಅಂಚಿನಲ್ಲಿ ಏನೂ ಬರೆಯಲಿಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವಳಿಗೆ ಬೈಗುಳ ಸಿಗಲಿಲ್ಲ. ಅಂಗೈಯಲ್ಲಿ ರಾಟೆಯ ಗಾಯ ಮಾದು ಬಿಳಿ ಗೆರೆಯಾಗಿತ್ತು. ಅದನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕೂತಳು. ಜಾಗೊ ಎದ್ದು ಷೆಡ್ಡಿನ ಹಿಂದೆ ಹೋದ. ಸಂಜೆಯವರೆಗೆ ಅಲ್ಲಿಂದ ಸುತ್ತಿಗೆಯ ಸದ್ದು ಕೇಳುತ್ತಿತ್ತು.

ಮುಂದಿನ ವಾರ ಊರಿನ ಪ್ರಾರ್ಥನಾ ಮಂದಿರದ ಸಭಾಂಗಣದಲ್ಲಿ ಡಂಕನ್ ವೇಕ್ಲಿ ಪುಸ್ತಕದ ಪರಿಚಯ ಮಾಡಲು ಬಂದ. ಮುಖಪುಟದ ಊರಿಗೇ ಬಂದು ಹೇಳಬೇಕೆಂಬುದು ಅವನ ಆಸೆಯಾಗಿತ್ತಂತೆ. ಚಹಾ, ಕೇಸರಿ ಹಾಕಿದ ಬನ್ನು ಇತ್ತು. ನಲವತ್ತು ಜನ ಸೇರಿದ್ದರು. ಅವನು ಗೋಡೆಯ ಮೇಲೆ ಹೆಸ್ಟರಳ ಫೋಟೋವನ್ನು ಆಳೆತ್ತರಕ್ಕೆ ತೋರಿಸಿ, ಹಸಿರು, ಹಳದಿ, ಕೆಂಪು ಬಣ್ಣದ ಕೋಷ್ಟಕಗಳನ್ನು ತೋರಿಸಿ, ಪ್ರಶ್ನೆಗಳಿದ್ದರೆ ಕೇಳಿ ಎಂದ.

ಹೆಸ್ಟರ್ ಎದ್ದಳು. “ಡಂಕನ್ನೋರೇ, ನಮ್ಮ ಹಾಸು ಎಲ್ಲಿ ಹೋಯ್ತು?”

ಅವನಿಗೆ ನಿಜವಾಗಿ ಕಸಿವಿಸಿಯಾಯಿತು. “ಮಿಸ್ ಬೊಲಿಥೊ, ಕರಡಿನಲ್ಲಿ ನಾನು ಎಲ್ಲಾ ಬರ್ದಿದ್ದೆ. ಹದಿನಾರು ಪಟ್ಟು ಅನ್ನೋದನ್ನೂ ಬರ್ದಿದ್ದೆ. ಕರಡನ್ನ ಇಲಾಖೆಗೆ ಕಳಿಸೋದು ನಿಯಮ, ತಪ್ಪಿದ್ರೆ ತಿದ್ದೋಕೆ ಮೂರು ವಾರ ಅವಕಾಶ. ಆ ಮೂರು ವಾರದಲ್ಲಿ ಅವ್ರು ಪದ್ಧತೀನೇ ಬದಲಾಯಿಸಿದ್ರು. ಹೊಸ ಪದ್ಧತಿ ಬಂದ್ಮೇಲೆ ನಾವು ಅದರ ಪ್ರಕಾರವೇ ಅಳೀಬೇಕು. ನನ್ಗೂ ಬೇಸರ ಆಗಿದೆ.”

“ಅಂದ್ರೆ ನೀವು ಅವ್ರನ್ನ ಅಳೀತೀರಿ, ಅಳತೆಗೋಲು ಅವ್ರೇ ಕೊಡ್ತಾರೆ.”

“ಹಾಗೆ ಹೇಳಿದ್ರೆ ಸ್ವಲ್ಪ ಸರಳೀಕರಣ ಆಗುತ್ತೆ.”

“ಸರಳವಾಗೇ ಇದ್ಯಲ್ಲ ಸ್ವಾಮಿ, ಇನ್ನು ನಾನೇನ್ ಸರಳ ಮಾಡೋದು.” ಸಭೆ ನಕ್ಕಿತು. ಹೆಸ್ಟರ್ ನಗಲಿಲ್ಲ. ನಡೆದು ಮುಂದೆ ಹೋಗಿ ಕೈಚೀಲದಿಂದ ಒಂದು ಸಣ್ಣ ಪೊಟ್ಟಣ ತೆಗೆದು ಅವನ ಮುಂದಿಟ್ಟಳು. “ಅವತ್ತು ಫೋಟೋ ತೆಗೆದ್ರಲ್ಲ, ಉಂಗುರ ಇಷ್ಟ ಆಗಿರ್ಬೇಕು ಅಂದ್ಕೊಂಡೆ. ನಿಮ್ಮ ಕಚೇರಿಗೆ ಅಂತ ನನ್ ತಮ್ಮ ಒಂದು ಮಾಡಿದ್ದಾನೆ. ಬಿಚ್ಚಿ.”

ಡಂಕನ್ ಬಿಚ್ಚಿದ. ಸೀಸವನ್ನು ತಟ್ಟಿ ತೆಳ್ಳಗೆ ಮಾಡಿ ಬಗ್ಗಿಸಿದ ಉಂಗುರ. ಒಂದು ಕಡೆ ಬೆಸೆದಿರಲಿಲ್ಲ, ತುದಿಗಳು ಒಂದರ ಮೇಲೊಂದು ಸರಿಯುತ್ತಿದ್ದವು.

“ನಮ್ದು ಹಿತ್ತಾಳೆ, ಒಂದೇ ಅಳತೆ, ನಿಮ್ಮ ಕೆಲಸಕ್ಕೆ ಬರಲ್ಲ. ಇದು ಎಳೆದ್ರೆ ಹಿಗ್ಗುತ್ತೆ, ಒತ್ತಿದ್ರೆ ಕುಗ್ಗುತ್ತೆ. ಮಂತ್ರಿಗಳು ಯಾವ ಗಾತ್ರದಲ್ಲಿದ್ರೂ ಪಾಸಾಗ್ತಾರೆ. ಪ್ರತಿ ವರ್ಷ ಪುಸ್ತಕ ಬರಿಯೋ ಮುಂಚೆ ಅವ್ರ ಹತ್ರಾನೇ ಕೊಟ್ಟು ಸರಿಮಾಡಿಸ್ಕೊಳ್ಳಿ.”

ಈ ಸಲ ಯಾರೂ ನಗಲಿಲ್ಲ. ಕ್ಲೆಮೆಂಟ್ ತಲೆ ತಗ್ಗಿಸಿ ಬನ್ನು ಮುರಿಯುತ್ತ ಕೂತಿದ್ದ. ಡಂಕನ್ ಉಂಗುರವನ್ನು ಅಂಗೈಯಲ್ಲಿಟ್ಟುಕೊಂಡು ಕೆಂಪಾದ. ಆಮೇಲೆ ಅದನ್ನು ಜೋಪಾನವಾಗಿ ಜೇಬಿಗೆ ಹಾಕಿಕೊಂಡು, ಅಭ್ಯಾಸಬಲದಿಂದ, “ತುಂಬಾ ಉಪಯುಕ್ತ,” ಎಂದ.

ಹದಿನೈದು ದಿನದ ಮೇಲೆ ಅವನ ಕಚೇರಿಯಿಂದ ಕಾಗದ ಬಂತು, ದಪ್ಪ ಹಾಳೆ, ಮೇಲೆ ಲಾಂಛನ. ಪೊಲ್‌ವೀನ್ ಸಮುದಾಯ ಪ್ರೀತಿಯಿಂದ ನೀಡಿದ ಸಾಂಪ್ರದಾಯಿಕ ಉಂಗುರವನ್ನು ಕಚೇರಿಯ ಸ್ವಾಗತ ಕೊಠಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇರಿಸಲಾಗಿದೆ, ಜನರೊಂದಿಗಿನ ಒಡನಾಟಕ್ಕೆ ಅದು ಸಾಕ್ಷಿ ಎಂದು ಬರೆದಿತ್ತು. ಸಹಿ ಡಂಕನ್‌ನದಲ್ಲ, ಅವನ ಮೇಲಿನವರದು. ಹೆಸ್ಟರ್ ಓದಿ ಜಾಗೊಗೆ ಕೊಟ್ಟಳು. ಜಾಗೊ ಓದಿ, “ಥೂ,” ಎಂದ. ಅಷ್ಟು ಮಾತಾಡುವವನೂ ಅಲ್ಲ ಅವನು.

ಅಕ್ಟೋಬರಿನಲ್ಲಿ ಸಿಂಪಿ ಕಾಲ ಶುರುವಾಗುವ ದಿನ ಹೆಸ್ಟರ್ ದೋಣಿಯನ್ನು ಪ್ಲೈಮತ್ತಿನ ಒಬ್ಬ ದಂತವೈದ್ಯನಿಗೆ ಮಾರಿದಳು. ಅವನಿಗೆ ತೋಟದಲ್ಲಿಟ್ಟು ಹೂ ನೆಡುವುದಕ್ಕೆ ಬೇಕಾಗಿತ್ತು. ಅವನು ದೋಣಿಯನ್ನು ಲಾರಿಗೆ ಹೇರಿಕೊಂಡು ಹೋದ ಮೇಲೆ ಅವಳು ಷೆಡ್ಡನ್ನು ಗುಡಿಸಿದಳು. ಬಲೆ, ರಾಟೆ, ಹಗ್ಗ ಮೂಲೆಗೆ ಸೇರಿದವು. ಮುತ್ತಜ್ಜನ ಉಂಗುರವನ್ನು ಒರೆಸಿ ಮೊಳೆಗೆ ತಗುಲಿಹಾಕಿದಳು. ಕೊನೆಗೆ ಒಂಬತ್ತನೇ ಪುಸ್ತಕವನ್ನು ತಂದು, ಮೇಜಿನ ಕಾಲು ಎತ್ತಿ, ಉಳಿದ ಎಂಟರ ಮೇಲಿಟ್ಟು, ಮುಖಪುಟದ ತನ್ನ ಮುಖದ ಮೇಲೆಯೇ ಕಾಲನ್ನು ಇಳಿಸಿದಳು. ಎರಡು ಕೈಯಿಂದಲೂ ಒತ್ತಿ ನೋಡಿದಳು. ಅಳತೆ ಸರಿಯಾಗಿತ್ತು, ಮೇಜು ಅಲುಗಾಡಲಿಲ್ಲ. ಅದರ ಮೇಲೆ ಹಾಕುವುದಕ್ಕೆ ಒಂದು ಸಿಂಪಿಯೂ ಇರಲಿಲ್ಲ.